ಅರಿವಳಿಕೆಯೂ ಸಂಸ್ಕಾರವೂ

ಕ್ರಿ. ಶ. 1846ನೆಯ ಇಸವಿ ಅಕ್ಟೋಬರ್ ತಿಂಗಳು 16ನೆಯ ದಿನ, ಅಮೆರಿಕ ದೇಶದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಗಿಲ್ಬರ್ಟ್ ಅಬಟ್ ಎಂಬ ತರುಣನ ಕುತ್ತಿಗೆಯಲ್ಲಿದ್ದ ಗೆಡ್ಡೆಯೊಂದಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಶಸ್ತ್ರವನ್ನು ಹಿಡಿದವನು ಜಾನ್ ಕಾಲಿನ್ಸ್ ವಾರನ್ ಎಂಬ ವೃದ್ಧ ವೈದ್ಯ. ಅದಕ್ಕೆ ಮುಂಚೆ ಮಾರ್ಟನ್ ಎಂಬ ದಂತವೈದ್ಯನು ಗಾಜಿನ ಬುರುಡೆಯೊಂದರಿಂದ ಈಥರಿನ ಆವಿಯನ್ನು ರೋಗಿಗೆ ಸೇದಿಸಿ ಅವನನ್ನು ಮೈಮರೆಸಿದ್ದನು. ಅಲ್ಲಿಯವರೆಗೆ ಶಸ್ತ್ರಚಿಕಿತ್ಸೆಯೆಂದರೆ ನಾಲ್ಕಾರು ಜನ ಬಿಗಿಯಾಗಿ ಹಿಡಿದುಕೊಂಡು ಒಬ್ಬನನ್ನು ಕೊಯ್ಯುವ ಕೆಲಸವಾಗಿದ್ದಿತು. ಅಂದು ರೋಗಿಯು ಕಿರಿಚಲಿಲ್ಲ. ನಡುವೆ ಕೈಕಾಲುಗಳನ್ನಾಡಿಸಿ ಏನನ್ನೋ ತೊದಲಿದನು, ಅಷ್ಟೆ. ನೆರೆದಿದ್ದ ವೈದ್ಯರಿಗೆ ತಮ್ಮ ಕಣ್ಣನ್ನು ತಾವೇ ನಂಬಲಾಗಲಿಲ್ಲ. ಆ ದಿನವನ್ನು ವೈದ್ಯಚರಿತ್ರೆಯನ್ನು ಬರೆದವರೆಲ್ಲರೂ ಕೊಂಡಾಡಿದ್ದಾರೆ. ಆದರೆ ಎಚ್ಚತ್ತ ಮೇಲೆ ಅಬಟ್ಟನು ಹೇಳಿದ ಮಾತಿಗೆ ಸಲ್ಲಬೇಕಾದಷ್ಟು ಗಮನ ಆಗ್ಗೆ ಸಲ್ಲಲಿಲ್ಲ. ತನಗೆ ನೋವಾಗಲಿಲ್ಲ, ಆದರೆ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದುದು ತಿಳಿಯುತ್ತಿದ್ದಿತು ಎಂದು ಅವನು ಹೇಳಿದನು. ಎಂದಮೇಲೆ ಲೋಕಪ್ರಸಿದ್ಧನಾದ ಆ ಮೊದಲ ಮೂರ್ಛಿತನು ಪೂರ್ತಿಯಾಗಿ ಮೂರ್ಛಿತನಾಗಿರಲಿಲ್ಲ.

ಇದಕ್ಕೆ ಸುಮಾರು ಎರಡು ವರ್ಷ ಹಿಂದೆ, 1845ನೆಯ ಜನವರಿಯಲ್ಲಿ, ಅದೇ ಬಾಸ್ಟನ್ನಿನಲ್ಲಿ ಹೊರೇಸ್ ವೆಲ್ಸ್ ಎಂಬ ಇನ್ನೊಬ್ಬ ದಂತವೈದ್ಯನು ನೈಟ್ರಸ್ ಆಕ್ಸೈಡ್ ಅನಿಲವನ್ನು ಸೇದಿಸಿ ವಿದ್ಯಾರ್ಥಿಗಳ ಎದುರಿಗೆ ಒಬ್ಬನ ಹಲ್ಲನ್ನು ಕಿತ್ತಿದ್ದನು. ಕೀಳುವಾಗ ರೋಗಿ ಕೂಗಿಕೊಂಡನು. ಸಭೆ ಗೇಲಿ ಮಾಡಿತು. ವೆಲ್ಸನು ತಲೆ ತಗ್ಗಿಸಿ ಹೊರಟುಹೋದನು. ಆದರೆ ಕೂಗಿದ ಆ ರೋಗಿಯೇ ಆಮೇಲೆ, ಎಂದಿನಷ್ಟು ನೋವಾಗಲಿಲ್ಲವೆಂದು ಹೇಳಿದನು. ಆಗಿನ ಕೂಗನ್ನು ನಂಬಬೇಕೋ, ಆಮೇಲಿನ ಹೇಳಿಕೆಯನ್ನು ನಂಬಬೇಕೋ? ವೆಲ್ಸನ ಎದುರಿಗಿದ್ದ ಸಭೆ ಕೂಗನ್ನು ನಂಬಿತು. ಮುಂದಿನ ನೂರು ವರ್ಷಗಳ ವೈದ್ಯಲೋಕವು ಬಹುಮಟ್ಟಿಗೆ ಹೇಳಿಕೆಯನ್ನು ನಂಬಿತು. ಎರಡರಲ್ಲಿ ಯಾವುದನ್ನು ನಂಬಿದರೂ ನಷ್ಟಪಡುವವನು ಮೇಜಿನ ಮೇಲೆ ಮಲಗಿದವನೇ.

1846ನೆಯ ನವೆಂಬರಿನಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಎಂಬ ವೈದ್ಯಕವಿಯು ಮಾರ್ಟನ್ನನಿಗೆ ಪತ್ರ ಬರೆದು ಈ ಸ್ಥಿತಿಗೆ ‘ಅನೀಸ್ತೀಸಿಯಾ’ ಎಂಬ ಗ್ರೀಕ್ ಮೂಲದ ಹೆಸರನ್ನು ಸೂಚಿಸಿದನು. ವೇದನೆ ಇಲ್ಲದಿರುವುದು, ಇಂದ್ರಿಯಕ್ಕೆ ತಾಕದಿರುವುದು ಎಂದು ಅದರ ಅರ್ಥ. ಕನ್ನಡದಲ್ಲಿ ಇದಕ್ಕೆ ಬಂದಿರುವ ಮಾತು ‘ಅರಿವಳಿಕೆ.’ ಮಾತು ಸೊಗಸಾಗಿದೆ. ಆದರೆ ಗ್ರೀಕರ ಮಾತಿಗಿಂತ ಇದರ ಪ್ರತಿಜ್ಞೆ ದೊಡ್ಡದು. ಅದು ಸಂವೇದನೆ ಇಲ್ಲವೆನ್ನುತ್ತದೆ. ಇದು ಅರಿವೇ ಅಳಿಯಿತೆನ್ನುತ್ತದೆ. ಅಳಿದುದು ಅರಿವೋ, ಅರಿವಿನ ನೆನಪೋ ಎಂಬ ಶಂಕೆಯೊಂದು ಈ ವಿದ್ಯೆ ಹುಟ್ಟಿದ ದಿನದಿಂದಲೂ ಅದರ ಬೆನ್ನು ಹತ್ತಿದೆ. ಆ ಶಂಕೆಯ ಕಥೆಯೇ ಇಲ್ಲಿಯ ವಿಷಯ.

ಈ ಕಥೆಯನ್ನು ಅನುಸರಿಸಲು ತರ್ಕಶಾಸ್ತ್ರದ ಮೂರು ಶಬ್ದಗಳನ್ನು ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆಗಿಂದಾಗ ಆಗುವ ಅರಿವು ಅನುಭವ. ಅದು ಬಿಟ್ಟುಹೋಗುವ ಅಚ್ಚು ಸಂಸ್ಕಾರ. ಆ ಸಂಸ್ಕಾರವೊಂದರಿಂದಲೇ ಮುಂದೆ ಹುಟ್ಟುವ ಜ್ಞಾನ ಸ್ಮೃತಿ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕರಿಗೂ ಇದು ಗೊತ್ತು. ಸಂಸ್ಕಾರವು ಕಣ್ಣಿಗೆ ಕಾಣತಕ್ಕುದಲ್ಲ, ಕಾರ್ಯದಿಂದ ಊಹಿಸತಕ್ಕುದು. ಅದನ್ನು ಎಬ್ಬಿಸುವುದಕ್ಕೆ ಉದ್ಬೋಧಕವೊಂದು ಬೇಕು. ಅದು ಒದಗದಿದ್ದರೆ ಸಂಸ್ಕಾರವಿದ್ದರೂ ಸ್ಮೃತಿ ಹುಟ್ಟದು. ನೈಯಾಯಿಕರು ಇನ್ನೂ ಒಂದು ಸೂಕ್ಷ್ಮವನ್ನು ಕಂಡಿದ್ದಾರೆ. ದಾರಿ ನಡೆಯುವವನ ಕಾಲಿಗೆ ಹುಲ್ಲು ತಾಕುತ್ತದೆ. ಆ ಸ್ಪರ್ಶ ಅವನಿಗೆ ತಿಳಿಯದೆ ಇರುವುದಿಲ್ಲ. ಆದರೆ ಅದು ಉಪೇಕ್ಷೆಯ ಜ್ಞಾನವಾದುದರಿಂದ ಸಂಸ್ಕಾರವನ್ನು ಹುಟ್ಟಿಸುವುದಿಲ್ಲ. ಆದಕಾರಣ ಸ್ಮೃತಿ ಇದ್ದರೆ ಅನುಭವವಿದ್ದಿತೆಂದು ಹೇಳಬಹುದು. ಸ್ಮೃತಿ ಇಲ್ಲವೆಂಬಷ್ಟರಿಂದ ಅನುಭವವೇ ಇರಲಿಲ್ಲವೆಂದು ಹೇಳಬರುವುದಿಲ್ಲ. ಸುಷುಪ್ತಿಯಿಂದ ಎದ್ದವನು ಸುಖವಾಗಿ ಮಲಗಿದ್ದೆನೆಂದು ಹೇಳುವುದು ಸ್ಮೃತಿಯೆಂದು ವೇದಾಂತಿಗಳೂ, ಬರಿಯ ಊಹೆಯೆಂದು ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ಆ ವಾದದಲ್ಲಿ ಯಾರ ಮೈಗೂ ಕತ್ತಿ ತಾಕಲಿಲ್ಲ. ಆಸ್ಪತ್ರೆಯಲ್ಲಿ ಅದೇ ಪ್ರಶ್ನೆ ಬೇರೆ ಮುಖದಿಂದ ಎದ್ದು ನಿಂತಿತು.

ಪ್ರಾಚೀನರಲ್ಲಿ ಸುಶ್ರುತನು, ನೋವನ್ನು ತಾಳಲಾರದವನಿಗೆ ಶಸ್ತ್ರಕರ್ಮಕ್ಕೆ ಮುಂಚೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದು ವಿಧಿಸಿರುವನು. ಬಲ್ಲಾಳನ ಭೋಜಪ್ರಬಂಧದಲ್ಲಿ ರಾಜನಿಗೆ ಚೂರ್ಣದಿಂದ ಮೋಹವನ್ನುಂಟುಮಾಡಿ ಕಪಾಲವನ್ನು ತೆರೆದು ಮತ್ತೆ ಎಚ್ಚರಿಸಿದ ಕಥೆ ಬರುತ್ತದೆ. ಅದು ಕಥೆ, ಅದನ್ನು ಚರಿತ್ರೆಯೆಂದು ಹಿಡಿದು ಮಾರ್ಟನ್ನನಿಗೆ ಪ್ರತಿಯಾಗಿ ನಿಲ್ಲಿಸುವ ಉತ್ಸಾಹಿಗಳಿದ್ದಾರೆ, ಆ ಉತ್ಸಾಹದಿಂದ ಭೋಜನಿಗೂ ಲಾಭವಿಲ್ಲ, ವೈದ್ಯಕ್ಕೂ ಲಾಭವಿಲ್ಲ.

ಈಥರ್, ಅದರ ಮರುವರ್ಷ ಎಡಿನ್‌ಬರೋದ ಸಿಂಪ್ಸನ್ನನು ಬಳಕೆಗೆ ತಂದ ಕ್ಲೋರೋಫಾರಂ, ಇವೆರಡರ ಕಾಲದಲ್ಲಿ ಶಂಕೆಗೆ ಹೆಚ್ಚು ಎಡೆಯಿರಲಿಲ್ಲ. ಮದ್ದು ಕಡಮೆಯಾದರೆ ರೋಗಿ ಅಲುಗಾಡುತ್ತಿದ್ದನು, ನರಳುತ್ತಿದ್ದನು, ಉಸಿರಿನ ಗತಿ ಬದಲಾಗುತ್ತಿದ್ದಿತು. ಅಮೆರಿಕದ ಗ್ವೆಡೆಲ್ ಎಂಬಾತನು 1920ರ ಸುಮಾರಿನಲ್ಲಿ ಉಸಿರು, ಕಣ್ಣಿನ ಪಾಪೆ, ಸ್ನಾಯುಗಳ ಬಿಗಿ ಇವುಗಳಿಂದ ಮೂರ್ಛೆಯ ಆಳವನ್ನು ಗುರುತಿಸುವ ಹಂತಗಳನ್ನು ನಿರೂಪಿಸಿದನು. ಶರೀರವೇ ಸಾಕ್ಷಿ ಹೇಳುತ್ತಿದ್ದ ಕಾಲವದು.

ಶರೀರದ ಸಾಕ್ಷಿಯನ್ನು ಬೇಕೆಂದೇ ತಳ್ಳಿಹಾಕಿದ ಪ್ರಸಂಗವೊಂದು ಅದಕ್ಕೂ ಹಿಂದೆ, ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ನಡೆಯಿತು. ಅಲ್ಲಿಯ ಹೆರಿಗೆಯ ಆಸ್ಪತ್ರೆಯಲ್ಲಿ ಕ್ರೋನಿಗ್ ಮತ್ತು ಗೌಸ್ ಎಂಬ ವೈದ್ಯರು ಮಾರ್ಫಿನ್ನಿನ ಜೊತೆಗೆ ಸ್ಕೋಪೋಲಮಿನ್ ಎಂಬ ಮದ್ದನ್ನು ಹೆರುವ ಹೆಂಗಸರಿಗೆ ಚುಚ್ಚಿ ಕೊಡುತ್ತಿದ್ದರು. 1906ರಲ್ಲಿ ಗೌಸನು ತನ್ನ ಪದ್ಧತಿಯನ್ನು ಪ್ರಕಟಿಸಿದನು. ಈ ಸ್ಕೋಪೋಲಮಿನ್ ಹಿತ್ತಿಲಿನಲ್ಲಿ ಬೆಳೆಯುವ ದತ್ತೂರಿಯಲ್ಲಿಯೂ ಇದೆ. ದತ್ತೂರಿಯನ್ನು ಅನ್ನದಲ್ಲಿ ಬೆರೆಸಿ ದಾರಿಹೋಕರ ಬುದ್ಧಿಗೆಡಿಸಿ ದೋಚುತ್ತಿದ್ದ ಕಳ್ಳರ ಸುದ್ದಿ ಈ ದೇಶದ ಹಳೆಯ ಪೊಲೀಸು ದಾಖಲೆಗಳಲ್ಲಿ ಹೇರಳವಾಗಿದೆ. ಕಳ್ಳರಿಗೆ ಉಪಕಾರಿಯಾಗಿದ್ದ ಆ ಗುಣವೇ ಫ್ರೈಬುರ್ಗಿನಲ್ಲಿ ಚಿಕಿತ್ಸೆಗೆ ಒದಗಿತು. ಮದ್ದು ನೋವನ್ನು ಅಷ್ಟಾಗಿ ತೆಗೆಯುತ್ತಿರಲಿಲ್ಲ. ನೋವಿನ ನೆನಪನ್ನು ತೆಗೆಯುತ್ತಿದ್ದಿತು. ಇದಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಮುಸ್ಸಂಜೆಯ ನಿದ್ರೆ.’

ಗೌಸನು ಮದ್ದಿನ ಪ್ರಮಾಣವನ್ನು ನಿರ್ಣಯಿಸುತ್ತಿದ್ದ ಬಗೆ ಗಮನಾರ್ಹವಾದುದು. ಬಾಣಂತಿಯಾಗಲಿರುವವಳಿಗೆ ಒಂದು ವಸ್ತುವನ್ನು ತೋರಿಸುವುದು. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ತೋರಿಸಿ, ಮುಂಚೆ ನೋಡಿದ್ದೆಯಾ ಎಂದು ಕೇಳುವುದು. ನೋಡಿದ್ದೇನೆಂದರೆ ಮದ್ದು ಸಾಲದು, ಇಲ್ಲವೆಂದರೆ ಸಾಕು. ಅವಳು ನರಳುತ್ತಿರುವಳೇ ಎಂಬುದು ಅಲ್ಲಿ ಅಳತೆಯಾಗಿರಲಿಲ್ಲ. ಮರೆಯುತ್ತಿರುವಳೇ ಎಂಬುದು ಅಳತೆಯಾಗಿದ್ದಿತು. ಹೆಂಗಸರು ಕೂಗುತ್ತಿದ್ದರು, ಹೊರಳುತ್ತಿದ್ದರು. ಮೈಗೆ ಪೆಟ್ಟಾಗದಂತೆ ಮಂಚಕ್ಕೆ ಸುತ್ತಲೂ ದಪ್ಪಬಟ್ಟೆಯ ಮರೆ ಕಟ್ಟುವುದೂ ಉಂಟು. ಎದ್ದ ಮೇಲೆ ಮಗುವನ್ನು ತಂದು ಕೈಗಿತ್ತರೆ, ಅದು ಯಾವಾಗ ಹುಟ್ಟಿತೆಂದು ತಾಯಿಯೇ ಬೆರಗಾಗುತ್ತಿದ್ದಳು. ನಡುವೆ ಎಲ್ಲಿಯಾದರೂ ಒಂದು ಸದ್ದು, ಒಂದು ಬೆಳಕು ಮನಸ್ಸಿನಲ್ಲಿ ಉಳಿದುಬಿಟ್ಟರೆ ಅದರ ಸುತ್ತ ಮಿಕ್ಕುದೆಲ್ಲವೂ ನೆನಪಾಗಿಬಿಡುವುದೆಂಬ ಭಯವಿದ್ದಿತು. ಇಂತಹ ಉಳಿಕೆಗಳನ್ನು ಆ ವೈದ್ಯರು ‘ನೆನಪಿನ ದ್ವೀಪಗಳು’ ಎಂದು ಕರೆದರು. ಅದಕ್ಕಾಗಿ ಕೋಣೆಯನ್ನು ಕತ್ತಲಾಗಿಡುತ್ತಿದ್ದರು. ಹೆರುವವಳ ಕಿವಿಗೆ ಎಣ್ಣೆಯಲ್ಲಿ ನೆನೆಸಿದ ಅರಳೆಯನ್ನು ತುರುಕುತ್ತಿದ್ದರು, ತನ್ನ ಕೂಗನ್ನು ತಾನೇ ಕೇಳದಿರಲೆಂದು.

ಈ ಪದ್ಧತಿಯನ್ನು ಸ್ತ್ರೀಯರ ಮೇಲೆ ಪುರುಷರು ಹೇರಿದರೆಂದು ಹೇಳಿ ಮುಗಿಸಿದರೆ ನಿಜ ಅರ್ಧವೇ ಆದೀತು. 1914ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಇದರ ವರ್ಣನೆ ಬಂದಮೇಲೆ ಅಲ್ಲಿಯ ಮಹಿಳೆಯರೇ ಸಂಘ ಕಟ್ಟಿ, ಸಭೆ ಸೇರಿಸಿ, ತಮಗೂ ಇದು ಬೇಕೆಂದು ಒತ್ತಾಯ ಮಾಡಿದರು. ನೆನಪಿಲ್ಲದ ನೋವು ನೋವೇ ಅಲ್ಲವೆಂಬುದು ಅವರ ನಂಬಿಕೆ. ಪ್ರಸವವೆಂದರೆ ಸಾವಿನ ಭಯವಿದ್ದ ಕಾಲದಲ್ಲಿ ಆ ನಂಬಿಕೆಯನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. 1915ರಲ್ಲಿ ಆ ಚಳವಳಿಯ ಮುಂದಾಳಾದ ಫ್ರಾನ್ಸಿಸ್ ಕಾರ್ಮೊಡಿ ಎಂಬಾಕೆಯೇ ಹೆರಿಗೆಯಲ್ಲಿ ತೀರಿಕೊಂಡಳು. ಮರಣಕ್ಕೆ ಮದ್ದು ಕಾರಣವಲ್ಲವೆಂದರೂ ಜನರ ಉತ್ಸಾಹ ಕುಗ್ಗಿತು. ಮದ್ದು ಮಾತ್ರ ಎಷ್ಟೋ ದಶಕಗಳವರೆಗೆ ಆಸ್ಪತ್ರೆಗಳಲ್ಲಿ ಉಳಿದುಕೊಂಡಿತು.

ಸ್ಮೃತಿ ಅಳಿದರೆ ಎಲ್ಲವೂ ಅಳಿಯಿತೆಂಬ ಈ ನಂಬಿಕೆಗೆ ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಒಂದು ಗುಂಡುಸೂಜಿಯಿಂದ ಉತ್ತರ ಸಿಕ್ಕಿದ್ದಿತು. ಅದು ಅರಿವಳಿಕೆಯ ಪ್ರಸಂಗವಲ್ಲ, ಮರೆವಿನ ರೋಗದ ಪ್ರಸಂಗ. ಆದರೂ ಇಲ್ಲಿಗೆ ಸಲ್ಲತಕ್ಕುದು. ಕ್ಲಾಪರೇಡ್ ಎಂಬ ವೈದ್ಯನ ಆರೈಕೆಯಲ್ಲಿ ಒಬ್ಬಾಕೆಯಿದ್ದಳು. ಹೊಸದಾಗಿ ನಡೆದುದು ಯಾವುದೂ ಅವಳಿಗೆ ನೆನಪಿರುತ್ತಿರಲಿಲ್ಲ. ದಿನವೂ ನೋಡುವ ವೈದ್ಯನನ್ನು ದಿನವೂ ಹೊಸಬನೆಂದು ತಿಳಿಯುತ್ತಿದ್ದಳು. ಒಮ್ಮೆ ಅವನು ಬೆರಳುಗಳ ನಡುವೆ ಗುಂಡುಸೂಜಿಯನ್ನು ಮರೆಮಾಡಿಕೊಂಡು ಅವಳ ಕೈ ಕುಲುಕಿದನು. ಚುಚ್ಚಿತು, ಸ್ವಲ್ಪ ಹೊತ್ತಿಗೆ ಮರೆತಳು. ಮುಂದೆ ಅವನು ಕೈ ನೀಡಿದಾಗ ಅವಳು ಥಟ್ಟನೆ ಕೈಯನ್ನು ಹಿಂದಕ್ಕೆಳೆದುಕೊಂಡಳು. ಏಕೆಂದು ಕೇಳಿದರೆ, ಕೈಯಲ್ಲಿ ಸೂಜಿ ಅಡಗಿಸಿಕೊಂಡಿರುವವರೂ ಇರುತ್ತಾರೆಂಬ ಅರ್ಥದ ಉತ್ತರ ಬಂದಿತೇ ಹೊರತು, ತನಗೆ ಚುಚ್ಚಿದ್ದರೆಂದು ಅವಳು ಹೇಳಲಿಲ್ಲ. 1911ರಲ್ಲಿ ಪ್ರಕಟವಾದ ಈ ವೃತ್ತಾಂತಕ್ಕೆ ನಮ್ಮವರ ಭಾಷೆಯಲ್ಲಿ ಒಂದೇ ಮಾತಿನ ವ್ಯಾಖ್ಯಾನ ಸಾಕು: ಸ್ಮೃತಿಯಿಲ್ಲ, ಸಂಸ್ಕಾರವಿದೆ. ಇದಕ್ಕೆ ಪಾಶ್ಚಾತ್ಯರಲ್ಲಿ ಸ್ಥಿರವಾದ ಹೆಸರೊಂದು ನೆಲೆಯಾದುದು 1985ರಲ್ಲಿ, ಗ್ರಾಫ್ ಮತ್ತು ಶಾಕ್ಟರ್ ಎಂಬ ಮನಶ್ಶಾಸ್ತ್ರಜ್ಞರು ಅವ್ಯಕ್ತಸ್ಮೃತಿ, ವ್ಯಕ್ತಸ್ಮೃತಿ ಎಂಬ ವಿಭಾಗವನ್ನು ಮಾಡಿದಾಗ.

ಮರಳಿ ಶಸ್ತ್ರಚಿಕಿತ್ಸೆಯ ಕೋಣೆಗೆ ಬರಬಹುದು. 1942ನೆಯ ಜನವರಿ 23ರಂದು ಕೆನಡಾ ದೇಶದ ಮಾಂಟ್ರಿಯಲ್ಲಿನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ವೈದ್ಯರು ರೋಗಿಯೊಬ್ಬನಿಗೆ ಅರಿವಳಿಕೆಯ ಜೊತೆಗೆ ಕುರಾರೆಯನ್ನೂ ಕೊಟ್ಟರು. ದಕ್ಷಿಣ ಅಮೆರಿಕದ ಬೇಡರು ಬಾಣದ ತುದಿಗೆ ಬಳಿಯುತ್ತಿದ್ದ ವಿಷವಿದು, ಸ್ನಾಯುಗಳನ್ನು ಸಡಿಲಮಾಡುತ್ತದೆ. ಹೊಟ್ಟೆಯ ಬಿಗಿ ತಗ್ಗಿ ಶಸ್ತ್ರವೈದ್ಯನ ಕೆಲಸ ಸುಲಭವಾಯಿತು. ತೀವ್ರವಾದ ಮದ್ದುಗಳನ್ನು ಕಡಮೆ ಪ್ರಮಾಣದಲ್ಲಿ ಕೊಟ್ಟರೂ ಸಾಗುವಂತಾಗಿ ಎಷ್ಟೋ ಜೀವಗಳು ಉಳಿದವು. ಆ ಉಪಕಾರದ ಬೆಲೆ ಮೆಲ್ಲಮೆಲ್ಲನೆ ತಿಳಿಯಬಂದಿತು. ಸ್ನಾಯು ಸಡಿಲಿದವನು ಅಲುಗಾಡಲಾರನು, ನರಳಲಾರನು, ಕಣ್ಣನ್ನೂ ತೆರೆಯಲಾರನು. ಅವನ ಉಸಿರನ್ನೂ ಬೇರೆಯವರೇ ಆಡಿಸಬೇಕು. ಗ್ವೆಡೆಲ್ಲನು ಹೇಳಿದ್ದ ಗುರುತುಗಳಲ್ಲಿ ಮುಖ್ಯವಾದವೆಲ್ಲ ಅಳಿಸಿಹೋದವು. ಸಾಕ್ಷಿಯ ಬಾಯಿ ಕಟ್ಟಿದಂತಾಯಿತು.

ಈ ಅಪಾಯವನ್ನು ಫ್ರಾನ್ಸಿನ ಕ್ಲೋಡ್ ಬರ್ನಾರನು 1864ರಷ್ಟು ಹಿಂದೆಯೇ ಬರೆದಿದ್ದನು: ಕುರಾರೆ ಚಲನೆಯನ್ನು ಕೊಲ್ಲುತ್ತದೆ, ಒಳಗಿನ ಸಂವೇದನೆಯನ್ನೂ ಬುದ್ಧಿಯನ್ನೂ ಮುಟ್ಟುವುದಿಲ್ಲವೆಂದು. ಆದರೂ ಕುರಾರೆಗೆ ತಾನಾಗಿ ಮೂರ್ಛೆಗೊಳಿಸುವ ಶಕ್ತಿಯುಂಟೆಂದು ನಂಬಿದವರು 1940ರ ದಶಕದಲ್ಲಿಯೂ ಇದ್ದರು. ಇದನ್ನು ನಿರ್ಣಯಿಸಲು ಅಮೆರಿಕದ ಯೂಟಾದ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆಯ ವೈದ್ಯನು ಯಾವ ರೋಗಿಯನ್ನೂ ಬಳಸಲಿಲ್ಲ. ತನ್ನ ಮೈಗೇ ಆ ವಿಷವನ್ನು ಪೂರ್ಣಪ್ರಮಾಣಕ್ಕಿಂತ ಹೆಚ್ಚಾಗಿ ಚುಚ್ಚಿಸಿಕೊಂಡನು. ಬೆರಳನ್ನೂ ರೆಪ್ಪೆಯನ್ನೂ ಆಡಿಸಲಾಗದೆ, ಗೆಳೆಯರು ಒತ್ತಿಕೊಡುತ್ತಿದ್ದ ಪ್ರಾಣವಾಯುವಿನಿಂದ ಬದುಕಿಕೊಂಡು ಬಿದ್ದಿದ್ದನು. ತಿಳಿವು ಬಂದು ಎದ್ದನೆಂದು ಬರೆದರೆ ತಪ್ಪಾದೀತು, ತಿಳಿವು ಹೋಗಿರಲೇ ಇಲ್ಲ. ಚೇತರಿಸಿಕೊಂಡ ಮೇಲೆ, ಸುತ್ತಲಿದ್ದವರು ಆಡಿದ ಮಾತು, ಮಾಡಿದ ಕೆಲಸ, ಕೊಟ್ಟ ನೋವು ಎಲ್ಲವನ್ನೂ ಹೇಳಿದನು. 1947ರಲ್ಲಿ ಈ ವರದಿ ಅಚ್ಚಾಯಿತು. ಮಾತಾಡದವನಿಗೆ ಕೇಳಿಸುವುದಿಲ್ಲವೆಂದು ಇನ್ನು ಯಾರೂ ನಿಶ್ಚಿಂತರಾಗಿರುವಂತಿರಲಿಲ್ಲ. ಇತರರ ಮೈಮೇಲೆ ಪ್ರಯೋಗ ಮಾಡಿದವರೇ ತುಂಬಿದ ಈ ಚರಿತ್ರೆಯಲ್ಲಿ ಸ್ಮಿತ್ತನಂತಹವರು ವಿರಳರು.

ಸ್ಮಿತ್ತನು ಎಚ್ಚರವಾಗಿದ್ದನು, ನೆನಪಿಟ್ಟುಕೊಂಡನು. ನಿಜವಾಗಿಯೂ ಮದ್ದಿನಿಂದ ಮೂರ್ಛೆ ಹೋಗಿ, ಎದ್ದಮೇಲೆ ಏನೂ ನೆನಪಿಲ್ಲವೆನ್ನುವವನ ಗತಿಯೇನು? ಅವನ ಒಳಗೆ ಮಾತು ಇಳಿಯುವುದುಂಟೇ? ಕ್ಯಾಲಿಫೋರ್ನಿಯದ ಡೇವಿಡ್ ಚೀಕ್ ಎಂಬ ವೈದ್ಯನು 1959ರಲ್ಲಿ ಉಂಟೆಂದನು. ಸಂಮೋಹನನಿದ್ರೆಗೆ ಒಳಪಡಿಸಿದಾಗ ರೋಗಿಗಳು ಶಸ್ತ್ರವೈದ್ಯರ ಮಾತುಗಳನ್ನು ಹೇಳಿದರೆಂಬುದು ಅವನ ಆಧಾರ. ಆದರೆ ಈ ಪ್ರಶ್ನೆಯನ್ನು ಜಗತ್ತೇ ಕಿವಿಗೊಟ್ಟು ಕೇಳುವಂತೆ ಮಾಡಿದವನು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಬರ್ನಾರ್ಡ್ ಲೆವಿನ್ಸನ್. ಮುಖದ ಶಸ್ತ್ರಚಿಕಿತ್ಸೆಯಾದ ಒಬ್ಬಾಕೆ ಅಕಾರಣವಾಗಿ ಕುಗ್ಗಿಹೋಗಿದ್ದಳು. ಸಂಮೋಹನದಲ್ಲಿ ಅವಳ ಬಾಯಿಂದ ಬಂದುದು, ಚಿಕಿತ್ಸೆಯ ನಡುವೆ ಶಸ್ತ್ರವೈದ್ಯನು ಬಾಯೊಳಗಿನ ಒಂದು ಗಂಟನ್ನು ಕಂಡು, ಇದು ಕ್ಯಾನ್ಸರ್ ಇದ್ದರೂ ಇರಬಹುದೆಂದು ಅಂದಿದ್ದ ಮಾತು.

ಇದನ್ನು ಪರೀಕ್ಷಿಸಲು ಲೆವಿನ್ಸನ್ನನು ಮಾಡಿದ ಪ್ರಯೋಗವು 1965ರಲ್ಲಿ ಬ್ರಿಟಿಷ್ ಅರಿವಳಿಕೆಯ ಪತ್ರಿಕೆಯಲ್ಲಿ ಪ್ರಕಟವಾಯಿತು; ಇಂದು ಯಾವ ಆಸ್ಪತ್ರೆಯೂ ಅದಕ್ಕೆ ಒಪ್ಪಿಗೆ ಕೊಡಲಾರದು. ದಂತಚಿಕಿತ್ಸೆಗೆ ಬಂದ ಹತ್ತು ಜನರಿಗೆ ಈಥರಿನಿಂದ ಆಳವಾದ ಮೂರ್ಛೆ ಬರಿಸಿ, ಮಿದುಳಿನ ವಿದ್ಯುದಲೆಗಳಿಂದ ಅದನ್ನು ದೃಢಪಡಿಸಿಕೊಂಡರು. ಆಗ ಅರಿವಳಿಕೆಯ ವೈದ್ಯನು ಮೊದಲೇ ಬರೆದಿಟ್ಟುಕೊಂಡಿದ್ದ ಮಾತುಗಳನ್ನು ಗಾಬರಿಯ ಧ್ವನಿಯಲ್ಲಿ ಹೇಳಿದನು: ಕೆಲಸ ನಿಲ್ಲಿಸಿ, ರೋಗಿಯ ಬಣ್ಣ ಸರಿಯಿಲ್ಲ, ತುಟಿ ನೀಲಿಗಟ್ಟಿದೆ, ಪ್ರಾಣವಾಯು ಕೊಡಬೇಕು ಎಂಬ ಭಾವದವು. ಸ್ವಲ್ಪ ಹೊತ್ತಿನ ಮೇಲೆ ಎಲ್ಲವೂ ಸರಿಹೋಯಿತೆಂದು ಹೇಳಿ ಕೆಲಸ ಮುಂದುವರಿಸಿದರು. ಎಲ್ಲವೂ ನಾಟಕ. ಎದ್ದಮೇಲೆ ಹತ್ತು ಜನರಲ್ಲಿ ಒಬ್ಬರಿಗೂ ಏನೂ ನೆನಪಿರಲಿಲ್ಲ. ಒಂದು ತಿಂಗಳಾದ ಮೇಲೆ ಅವರನ್ನು ಸಂಮೋಹನಕ್ಕೊಳಪಡಿಸಿ, ಚಿಕಿತ್ಸೆಯ ಹೊತ್ತಿಗೆ ಹಿಂದಿರುಗುವಂತೆ ಹೇಳಿದಾಗ, ನಾಲ್ವರು ಆ ಮಾತುಗಳನ್ನು ಹೆಚ್ಚು ಕಡಮೆ ಅದೇ ಶಬ್ದಗಳಲ್ಲಿ ಒಪ್ಪಿಸಿದರು. ಇನ್ನು ನಾಲ್ವರು ಆ ಘಟ್ಟಕ್ಕೆ ಬರುತ್ತಲೇ ಕಳವಳಗೊಂಡು ಮುಂದೆ ಹೋಗಲಾರದೆ ತಡೆದರು. ಇಬ್ಬರಲ್ಲಿ ಏನೂ ಕಾಣಲಿಲ್ಲ.

ಕೇಳಿದರೆ ಮೈ ನವಿರೇಳುವ ಸಂಗತಿ. ಅದಕ್ಕಾಗಿಯೇ ಜಾಗ್ರತೆ ಬೇಕು. ನಾಟಕದ ಗುಟ್ಟು ಗೊತ್ತಿದ್ದವನೇ ಸಂಮೋಹನವನ್ನೂ ಮಾಡಿದನು. ಅಂತಹ ಮಾತನ್ನು ಕೇಳದೆ ಮೂರ್ಛೆಯಲ್ಲಿದ್ದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಡಲಿಲ್ಲ. ಸಂಮೋಹನದಲ್ಲಿರುವವನು ಎದುರಿಗಿರುವವನ ಇಂಗಿತವನ್ನು ಹಿಡಿದು ನುಡಿಯುವುದೂ ಪ್ರಸಿದ್ಧವೇ. 1995ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರಾದ ಸ್ವಯಂಸೇವಕರಿಗೆ ಹೊಸ ಮದ್ದುಗಳನ್ನು ಕೊಟ್ಟು ಇಂತಹುದೇ ಹುಸಿ ಅಪಾಯವನ್ನು ಸಾರಿದಾಗ ಅದರ ಗುರುತು ಸಿಕ್ಕಲಿಲ್ಲ. ಹೀಗಾಗಿ ಲೆವಿನ್ಸನ್ನನ ಪ್ರಯೋಗವನ್ನು ಪ್ರಮಾಣವೆಂದು ಹೇಳುವುದು ಕಷ್ಟ; ಅದೊಂದು ಶಂಕೆಯೆಂದು ಹೇಳಬೇಕು. ಆದರೆ ಶಂಕೆಗೂ ಕೆಲಸವುಂಟು. ಮಲಗಿರುವವನ ಮೈಯ ದೋಷ, ಅವನ ಆಯುಸ್ಸಿನ ಲೆಕ್ಕ, ಅವನ ಮೇಲಿನ ಹಾಸ್ಯ ಇವುಗಳನ್ನು ಅವನ ತಲೆಯ ಹತ್ತಿರವೇ ನಿಂತು ಆಡುತ್ತಿದ್ದ ವೈದ್ಯರು ತಮ್ಮ ನಾಲಗೆಯ ವಿಷಯದಲ್ಲಿ ಎಚ್ಚರಗೊಳ್ಳಲು ಅದು ಒಂದು ಕಾರಣವಾಯಿತು.

ಈ ಸಂದರ್ಭದಲ್ಲಿ ಸುಭದ್ರೆಯ ಗರ್ಭದಲ್ಲಿ ಚಕ್ರವ್ಯೂಹವನ್ನು ಕೇಳಿ ಕಲಿತ ಅಭಿಮನ್ಯುವು ವಾಚಕರ ನೆನಪಿಗೆ ಬಂದೇ ಬರುವನು. ಮೂಲಭಾರತದ ದ್ರೋಣಪರ್ವದಲ್ಲಿ ಅವನು, ವ್ಯೂಹವನ್ನು ಒಡೆಯುವುದನ್ನು ತಂದೆ ಕಲಿಸಿದನೆಂದಷ್ಟೇ ಹೇಳುವನು. ಗರ್ಭದ ಕಥೆ ಜನರ ಬಾಯಲ್ಲಿ ಬೆಳೆದುದು. ಆ ಕಥೆಯಲ್ಲಿಯೂ ತಾಯಿ ನಿದ್ರೆ ಹೋದೊಡನೆ ಪಾಠ ನಿಂತುಹೋಗುತ್ತದೆ. ನಿದ್ರಿಸುವವರಿಗೆ ಪಾಠ ಹೇಳಿ ಫಲವಿಲ್ಲವೆಂದು ಹೇಳುವವನಿಗೇ ಅನ್ನಿಸಿದಂತಿದೆ.

1980ರ ದಶಕದಿಂದೀಚೆಗೆ ಸಂಮೋಹನವನ್ನು ಬದಿಗಿಟ್ಟು, ಅವ್ಯಕ್ತಸ್ಮೃತಿಯನ್ನು ಅಳೆಯುವ ನಯವಾದ ಉಪಾಯಗಳು ಬಂದವು. 1985ರಲ್ಲಿ ಕ್ಯಾಲಿಫೋರ್ನಿಯದ ಹೆನ್ರಿ ಬೆನೆಟ್ ಮತ್ತು ಅವನ ಸಂಗಡಿಗರು, ಎದ್ದು ಭೇಟಿಗೆ ಬಂದಾಗ ಕಿವಿಯನ್ನು ಮುಟ್ಟಿಕೊಳ್ಳಬೇಕೆಂದು ಮೂರ್ಛಿತರಿಗೆ ಹೇಳಿದರು. ಹೇಳಿಸಿಕೊಂಡವರು ಹೇಳಿಸಿಕೊಳ್ಳದವರಿಗಿಂತ ಹೆಚ್ಚಾಗಿ ಕಿವಿ ಮುಟ್ಟಿಕೊಂಡರು. ಏಕೆಂದು ಅವರಿಗೇ ತಿಳಿಯದು. 1988ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಗರ್ಭಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯಾದ 39 ಹೆಂಗಸರಲ್ಲಿ ಕೆಲವರಿಗೆ ಬೇಗ ಗುಣವಾಗುವಿರೆಂಬ ಹಿತವಚನಗಳ ಸುರುಳಿಯನ್ನೂ, ಮಿಕ್ಕವರಿಗೆ ಬರಿಯ ಸುರುಳಿಯನ್ನೂ ಕಿವಿಗೆ ಇಟ್ಟರು. ಹಿತವಚನ ಕೇಳಿದವರು ಬೇಗ ಮನೆಗೆ ಹೋದರು. ಪತ್ರಿಕೆಗಳೆಲ್ಲ ಇದನ್ನು ಸಾರಿದವು. 1992ರಲ್ಲಿ ಇಂಗ್ಲೆಂಡಿನವರೇ ಅಂತಹ ಚಿಕಿತ್ಸೆಯಲ್ಲಿಯೇ ಮತ್ತೆ ಪರೀಕ್ಷಿಸಿದಾಗ ಯಾವ ಭೇದವೂ ಕಾಣಲಿಲ್ಲ. ಅಮೆರಿಕದ ಕಿಲ್‌ಸ್ಟ್ರಾಮ್ ಮತ್ತು ಅವನ ಜೊತೆಯವರು 1990ರಲ್ಲಿ ಐಸೊಫ್ಲೂರೇನ್ ಎಂಬ ಮದ್ದಿನಲ್ಲಿದ್ದವರಿಗೆ ಶಬ್ದಗಳ ಜೋಡಿಗಳನ್ನು ಕೇಳಿಸಿದಾಗ ಸಂಸ್ಕಾರದ ಕುರುಹು ಕಂಡಿತು. 1992ರಲ್ಲಿ ಬೇರೆ ಮದ್ದಿನಲ್ಲಿ ಅದೇ ಪರೀಕ್ಷೆ ಮಾಡಿದಾಗ ಕಾಣಲಿಲ್ಲ. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಹೀಗೆ ನಡೆಯಿತು.

ಇವುಗಳಲ್ಲಿ ಅತ್ಯಂತ ಮನೋಹರವಾದ ಪರೀಕ್ಷೆ ಜರ್ಮನಿಯ ಮ್ಯೂನಿಕ್ ನಗರದ್ದು, 1994ರಲ್ಲಿ ಪ್ರಕಟವಾಯಿತು. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 45 ಜನರಲ್ಲಿ 30 ಜನರಿಗೆ ಷ್ವೆಂಡರ್ ಮತ್ತು ಅವನ ಸಂಗಡಿಗರು ರಾಬಿನ್‌ಸನ್ ಕ್ರೂಸೋವಿನ ಕಥೆಯನ್ನು ಕೇಳಿಸಿದರು. ನಿರ್ಜನದ್ವೀಪದಲ್ಲಿ ಕ್ರೂಸೋವಿಗೆ ಸಿಕ್ಕಿದ ಅನುಚರನ ಹೆಸರು ‘ಶುಕ್ರವಾರ’ವೆಂಬುದನ್ನು ವಾಚಕರು ಬಲ್ಲರು. ಕೆಲವು ದಿನಗಳ ಮೇಲೆ ರೋಗಿಗಳನ್ನು ಕಂಡು, ಶುಕ್ರವಾರವೆಂದರೆ ಏನು ಹೊಳೆಯುತ್ತದೆಂದು ಕೇಳಿದರು. ಕಥೆ ಕೇಳಿಸಿದ್ದು ಯಾರಿಗೂ ನೆನಪಿರಲಿಲ್ಲ. ಆದರೆ ಆ 30 ಜನರಲ್ಲಿ 7 ಜನರಿಗೆ ಕ್ರೂಸೋ ಹೊಳೆದನು. ಕಥೆ ಕೇಳಿಸದ 15 ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಶಬ್ದ ಕೇಳಿದಾಗ ಮಿದುಳಿನಲ್ಲೇಳುವ ವಿದ್ಯುದಲೆಗಳನ್ನೂ ಅವರು ಬರೆದಿಟ್ಟುಕೊಂಡಿದ್ದರು. ಆ 7 ಜನರ ಅಲೆಗಳು ಮೂರ್ಛೆಯಲ್ಲಿಯೂ ಎಚ್ಚರದವರ ಅಲೆಗಳನ್ನು ಬಹುಮಟ್ಟಿಗೆ ಹೋಲುತ್ತಿದ್ದವು. ಇಲ್ಲಿ ‘ಶುಕ್ರವಾರ’ವೇ ಉದ್ಬೋಧಕ. ಈ ಬಗೆಯ ಎಷ್ಟೋ ಪರೀಕ್ಷೆಗಳನ್ನು ತೂಗಿ ನೋಡಿದವರ ಅಭಿಪ್ರಾಯದ ಸಾರವಿಷ್ಟು: ಮೂರ್ಛೆ ತೆಳುವಾದಾಗ ಸಂಸ್ಕಾರವು ಉಳಿಯುವುದುಂಟು, ಅದೂ ಅಲ್ಪವಾಗಿ, ಆಳವಾದಾಗ ಉಳಿಯುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮಲಗಿದ್ದಾಗ ಶಾಸ್ತ್ರವನ್ನು ಕಲಿತು ಏಳಬಹುದೆಂದು ಆಸೆಪಟ್ಟವರಿಗೆ ಇದರಿಂದ ನಿರಾಶೆಯೇ ಸರಿ.

ಸಂಸ್ಕಾರದ ಪ್ರಶ್ನೆ ಹೀಗೆ ಒಂದು ನೆಲೆಗೆ ಬಂದರೂ, ಅನುಭವದ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ಸ್ಕಾಟ್ಲೆಂಡಿನ ಆಬರ್ಡೀನ್ ನಗರದ ಟನ್‌ಸ್ಟಾಲ್ ಎಂಬ ವೈದ್ಯನು 1977ರಲ್ಲಿ ಕಂಡುಹಿಡಿದ ಉಪಾಯ ತೀರ ಸರಳವಾದುದು. ಸ್ನಾಯುವನ್ನು ಸಡಿಲಿಸುವ ಮದ್ದನ್ನು ಕೊಡುವುದಕ್ಕೆ ಮುಂಚೆ, ರಕ್ತದ ಒತ್ತಡವನ್ನು ನೋಡುವಾಗ ಸುತ್ತುವಂತಹ ಪಟ್ಟಿಯೊಂದನ್ನು ರೋಗಿಯ ಒಂದು ತೋಳಿಗೆ ಸುತ್ತಿ ಬಿಗಿಯಾಗಿ ಉಬ್ಬಿಸುವುದು. ರಕ್ತವು ಕೈಗೆ ಹರಿಯದುದರಿಂದ ಮದ್ದೂ ಅಲ್ಲಿಗೆ ತಲಪದು. ಮೈಯೆಲ್ಲ ಸ್ತಬ್ಧವಾದರೂ ಆ ಒಂದು ಕೈ ಸ್ವತಂತ್ರವಾಗಿ ಉಳಿಯುತ್ತದೆ. ಆಮೇಲೆ ರೋಗಿಯ ಹೆಸರು ಹಿಡಿದು ಕರೆದು, ಕೇಳಿಸುತ್ತಿದ್ದರೆ ಕೈಯನ್ನು ಹಿಸುಕಬೇಕೆಂದು ಹೇಳುವುದು. ಶಸ್ತ್ರದಿಂದ ಹೆರಿಗೆ ಮಾಡಿಸುವಾಗ, ಮಗುವಿಗೆ ತೊಂದರೆಯಾಗದಿರಲೆಂದು ತಾಯಿಗೆ ಅರಿವಳಿಕೆಯನ್ನು ತೆಳುವಾಗಿ ಕೊಡುತ್ತಿದ್ದುದರಿಂದ ಟನ್‌ಸ್ಟಾಲನು ಅದನ್ನು ಮೊದಲು ಬಳಸಿದ್ದು ಅಲ್ಲಿ. ಇಂಗ್ಲೆಂಡಿನ ಹಲ್ ನಗರದ ಇಯಾನ್ ರಸೆಲ್ಲನು ಈ ಉಪಾಯವನ್ನು ಬಹು ವರ್ಷ ಬಳಸಿದನು. ನೆನಪನ್ನು ಅಳಿಸುವ ಮಿಡಜೋಲಾಮ್ ಎಂಬ ಮದ್ದನ್ನು ಸೇರಿಸಿ ಕೊಡುತ್ತಿದ್ದ ಒಂದು ಪದ್ಧತಿಯನ್ನು ಅವನು 1993ರಲ್ಲಿ ಹೀಗೆ ಪರೀಕ್ಷಿಸಿದಾಗ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಕೈಯಿಂದ ಉತ್ತರ ಕೊಟ್ಟರು. ಫ್ರೈಬುರ್ಗಿನ ಮುಸ್ಸಂಜೆ ಮತ್ತೆ ಕವಿದಂತಾಗಿದ್ದಿತು. ಈ ಸಲ ಕೂಗು ಕೂಡ ಕೇಳಿಸುತ್ತಿರಲಿಲ್ಲ. 2017ರಲ್ಲಿ ಪ್ರಕಟವಾದ, ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯಲ್ಲಿ, ಉಸಿರಿನ ಕೊಳವೆಯನ್ನು ಗಂಟಲಿಗೆ ಇಳಿಸಿದ ಮೇಲೆ ಕರೆದಾಗ 260 ಜನರಲ್ಲಿ 12 ಜನ ಕೈ ಹಿಸುಕಿದರು.

ಎದ್ದಮೇಲೆ ನೆನಪಿಟ್ಟುಕೊಂಡು ಹೇಳುವವರ ಸಂಖ್ಯೆ ಇದಕ್ಕಿಂತ ಬಹಳ ಕಡಮೆ. ಮತ್ತು ಅದು ಕೇಳುವವರನ್ನು ಅವಲಂಬಿಸಿದೆ. 2000ದಲ್ಲಿ ಪ್ರಕಟವಾದ ಸ್ವೀಡನ್ ದೇಶದ ವರದಿಯಲ್ಲಿ 11,785 ಜನರನ್ನು ಒಂದಲ್ಲ, ಮೂರು ಸಲ ಕೇಳಿದರು; 18 ಜನರಿಗೆ ಎಚ್ಚರವಾಗಿದ್ದುದು ಗೊತ್ತಾಯಿತು. ಮೊದಲನೆಯ ಸಲ ಏನೂ ಇಲ್ಲವೆಂದ ಕೆಲವರಿಗೆ ದಿನಗಳು ಕಳೆದ ಮೇಲೆ ಕೇಳಿದಾಗ ನೆನಪಾಯಿತು. ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ 2014ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯು ರೋಗಿಗಳು ತಾವಾಗಿ ಬಂದು ಹೇಳಿದುದನ್ನು ಮಾತ್ರ ಎಣಿಸಿತು. ಅದರ ಲೆಕ್ಕದಂತೆ ಸುಮಾರು 19,000 ಜನರಿಗೆ ಒಬ್ಬರು. ಶಸ್ತ್ರದ ಹೆರಿಗೆಯಲ್ಲಿ ಮಾತ್ರ ಸುಮಾರು 670 ಜನರಿಗೆ ಒಬ್ಬರು. ಎಚ್ಚರಗೊಂಡವರಲ್ಲಿ ಬಹಳ ಮಂದಿಯ ಸಂಕಟ ನೋವಿಗಿಂತ ಹೆಚ್ಚಾಗಿ, ಕೈಕಾಲು ಅಲುಗಿಸಲಾಗದೆ, ತಾನು ಸತ್ತೆನೋ ಏನೋ ಎಂದು ತಿಳಿಯದೆ ಬಿದ್ದಿದ್ದುದರದು. ಆ ಸಮೀಕ್ಷೆಯಲ್ಲಿಯೇ ಇನ್ನೊಂದು ಸಂಗತಿಯೂ ದಾಖಲಾಗಿದೆ. ತನಗೆ ಏನಾಗುತ್ತಿದೆಯೆಂಬುದು ಆ ಗಳಿಗೆಯಲ್ಲಿ ಹೇಗೋ ತಿಳಿದಿದ್ದವರಿಗೆ, ಅಥವಾ ಹತ್ತಿರವಿದ್ದವರು ಇಂತಹ ಕಾರಣದಿಂದ ಮೈ ಅಲುಗುತ್ತಿಲ್ಲ, ಹೆದರಬೇಡಿ ಎಂದು ಕಿವಿಯ ಬಳಿ ಹೇಳಿದ್ದವರಿಗೆ, ಮುಂದಿನ ದಿನಗಳಲ್ಲಿ ಮನಸ್ಸಿನ ಬಾಧೆ ಕಡಮೆಯಾಗಿದ್ದಿತು.